ಪಾಲಿಕೆ ಐದಾಯಿತು, ಹಳೆಯ ರಿಜಿಸ್ಟರುಗಳ ಗತಿಯೇನು?

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ ಹಾಗೂ ಬೆಂಗಳೂರಿನ ಐದೂ ನಗರ ಪಾಲಿಕೆಗಳ ಆಯುಕ್ತರಿಗೆ,

ನಮಸ್ಕಾರ.

ಬೆಂಗಳೂರಿನ ಒಂದೊಂದು ಬಡಾವಣೆಯಲ್ಲೂ ಇವತ್ತಿಗೂ ನಿಂತಿರುವ ಮನೆಗಳ ಪೈಕಿ ಎಲ್ಲಕ್ಕಿಂತ ಹಳೆಯದು ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಕಾಗದಪತ್ರದ ಬಹುಪಾಲು ನಿಮ್ಮ ಕಚೇರಿಗಳ ಬೀರುಗಳಲ್ಲೇ ಇದೆ. ಅದನ್ನು ಒಟ್ಟುಗೂಡಿಸಿ ನೋಡುವ ಕೆಲಸವನ್ನು ಮಾತ್ರ ಯಾರೂ ನಿಮಗೆ ವಹಿಸಿಲ್ಲ. ಆ ಕೆಲಸವನ್ನು ಕೈಗೆತ್ತಿಕೊಳ್ಳಿ, ಅದೂ ಈ ವರ್ಷವೇ, ಎಂದು ಕೇಳಲು ಈ ಪತ್ರ.

ನಾನು ಚಾಮರಾಜಪೇಟೆಯ ನಿವಾಸಿ, ವೃತ್ತಿಯಲ್ಲಿ ವಕೀಲ. ಕೋರ್ಟಿನಲ್ಲಿ ವಾದ ಮಾಡುವುದಕ್ಕಿಂತ ಹೆಚ್ಚಾಗಿ ಸ್ವತ್ತಿನ ಪತ್ರಗಳನ್ನು ಓದಿ ಅಭಿಪ್ರಾಯ ಬರೆದುಕೊಡುವುದೇ ನನ್ನ ಜೀವನ. ಕ್ರಯಪತ್ರ, ಪಾರೀಕತ್ತು (ಪಾಲುಪತ್ರ), ದಾನಪತ್ರ, ಉಯಿಲು, ಭೋಗ್ಯದ ಕರಾರು, ಖಾತೆ, ಕಂದಾಯದ ರಸೀದಿ. ಬ್ಯಾಂಕಿನವರು ಇವುಗಳಲ್ಲಿ ನೋಡುವುದು ಹಕ್ಕು ಸರಿಯಾಗಿದೆಯೇ ಎಂಬುದನ್ನು. ನನಗೆ ಆ ಪತ್ರಗಳಲ್ಲಿ ಮನೆಗಳೂ ಕಾಣುತ್ತವೆ. ಎಷ್ಟೋ ಸಲ ನಾನು ಅಭಿಪ್ರಾಯ ಬರೆದು ಸಹಿ ಹಾಕಿದ ಮೇಲೆಯೇ ಆ ಮನೆ ನೆಲಕ್ಕುರುಳುವುದು, ಏಕೆಂದರೆ ಕೊಳ್ಳುವವರಿಗೆ ಬೇಕಾದದ್ದು ನಿವೇಶನ. ಹಾಗಾಗಿ ಇದು ಪರಂಪರೆಯ ಅಭಿಮಾನಿಯೊಬ್ಬನ ಗೋಳಾಟ ಅಂದುಕೊಳ್ಳಬೇಡಿ. ಈ ವ್ಯವಹಾರದಲ್ಲಿ ನನಗೂ ಪಾಲಿದೆ.

ನಗರದ ದೊಡ್ಡ ಕಟ್ಟಡಗಳ ಬಗ್ಗೆ ನಾನು ಕೇಳುತ್ತಿಲ್ಲ. ಕೋಟೆಯ ಪಕ್ಕದ ಟಿಪ್ಪುವಿನ ಅರಮನೆ 1791ರಲ್ಲಿ ಮುಗಿಯಿತೆಂದು ಶಾಲೆಯ ಮಕ್ಕಳಿಗೂ ಗೊತ್ತು. ರಾಜಭವನ ಮಾರ್ಕ್ ಕಬ್ಬನ್ ಕಾಲದ್ದು. ಇಂಥವುಗಳಿಗೆ ಫಲಕವಿದೆ, ಕಾವಲಿದೆ, ಪುಸ್ತಕಗಳಿವೆ. ಬಳೇಪೇಟೆಯಲ್ಲಿ ಬಳೆ ವ್ಯಾಪಾರಿಯೊಬ್ಬ ಕಟ್ಟಿಸಿದ ಮನೆ, ಬಸವನಗುಡಿಯಲ್ಲಿ ಸರ್ಕಾರದ ಹುಜೂರ್ ಕಚೇರಿಯ ಗುಮಾಸ್ತನೊಬ್ಬ ಸಾಲ ಮಾಡಿ ಏಳಿಸಿದ ಮನೆ, ಹಲಸೂರಿನ ಓಣಿಯ ವಠಾರ, ಇವುಗಳಲ್ಲಿ ಉಳಿದಿರುವುದು ಯಾವುದು, ಎಷ್ಟು ಹಳೆಯದು ಎಂಬುದಕ್ಕೆ ಪಟ್ಟಿಯಿಲ್ಲ. ಇಂಟ್ಯಾಕ್‌ನಂಥ ಪರಂಪರೆ ಉಳಿಸುವ ಸಂಸ್ಥೆಗಳು ತಮ್ಮ ಶಕ್ತಿಯಿದ್ದಷ್ಟು ಸಮೀಕ್ಷೆ ಮಾಡಿವೆ. ಆದರೆ ರಸ್ತೆಯಲ್ಲಿ ನಿಂತು ನೋಡಿದರೆ ಮನೆಯ ಮುಖ ಕಾಣುತ್ತದೆ, ವಯಸ್ಸು ಕಾಣುವುದಿಲ್ಲ. ವಯಸ್ಸು ಇರುವುದು ಕಾಗದದಲ್ಲಿ, ಕಾಗದ ಇರುವುದು ನಿಮ್ಮಲ್ಲಿ.

ಈಗಲೇ ಯಾಕೆ ಎಂದು ಕೇಳಬಹುದು. ಈ ಊರಿನ ಪುರಸಭೆಯ ಕಾಗದಗಳು ಹಲವು ಸಲ ಮನೆ ಬದಲಿಸಿವೆ. 1862ರಲ್ಲಿ ಹಳೇ ಊರಾದ ಪೇಟೆಗೊಂದು, ದಂಡು (ಕಂಟೋನ್ಮೆಂಟ್) ಪ್ರದೇಶಕ್ಕೊಂದು ಎಂದು ಎರಡು ಮುನಿಸಿಪಾಲಿಟಿಗಳು ಹುಟ್ಟಿದವು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದ ಮೇಲೂ ದಂಡು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲೇ ಉಳಿಯಿತು, 1947ರವರೆಗೆ. 1949ರಲ್ಲಿ ಎರಡೂ ಕೂಡಿ ಒಂದು ಕಾರ್ಪೊರೇಷನ್ ಆಯಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಪಂಚಾಯಿತಿ ಕಚೇರಿಗಳ ಪುಸ್ತಕಗಳು ಗಂಟು ಕಟ್ಟಿಕೊಂಡು ಬಂದವು. 2025ರ ಸೆಪ್ಟೆಂಬರ್ 2ರಿಂದ ಅದೇ ಬೃಹತ್ತನ್ನು ಒಡೆದು ಐದು ಮಾಡಿದ್ದೇವೆ. ನನ್ನ ಚಾಮರಾಜಪೇಟೆ ಒಂದು ಪಾಲಿಕೆಗೆ, ನಡೆದುಕೊಂಡೇ ಹೋಗಬಹುದಾದ ಬಸವನಗುಡಿ ಇನ್ನೊಂದಕ್ಕೆ. ಅಧಿಕಾರಿಗಳು, ವಾಹನಗಳು, ಬಾಕಿ ಬಿಲ್ಲುಗಳು ಹೇಗೆ ಹಂಚಿಕೆಯಾದವೆಂದು ಪತ್ರಿಕೆಗಳಲ್ಲಿ ಓದಿದ್ದೇವೆ. ಮನೆಮನೆಯ ಕಂದಾಯ ನಿಗದಿ ಮಾಡಿ ಬರೆದಿಟ್ಟ ಅಸೆಸ್‌ಮೆಂಟ್ ರಿಜಿಸ್ಟರುಗಳ ಹಂಚಿಕೆ ಹೇಗಾಯಿತೆಂದು ಯಾರೂ ಕೇಳಿದಂತಿಲ್ಲ. ಕಚೇರಿ ಸ್ಥಳಾಂತರವಾದಾಗಲೆಲ್ಲ ಮೊದಲು ರದ್ದಿಗೆ ಹೋಗುವುದು ಬೆನ್ನು ಕಿತ್ತ, ಪುಟ ಪುಡಿಯಾಗುವ, ಯಾರೂ ನಿತ್ಯ ಕೇಳದ ಪುಸ್ತಕ. ನಮ್ಮ ಕೆಲಸಕ್ಕೆ ಬೇಕಾದದ್ದು ಅದೇ ಪುಸ್ತಕ.

ನಿಮ್ಮಲ್ಲಿ ಏನೇನಿದೆ ಎಂದು ನಾನೇ ಹೇಳಹೊರಟದ್ದು ಸ್ವಲ್ಪ ಅಧಿಕಪ್ರಸಂಗವೇ. ಆದರೂ ಹೇಳುತ್ತೇನೆ.

ಮೊದಲನೆಯದು ಆಸ್ತಿ ತೆರಿಗೆಯ ನಮೂನೆ. 2008ರಲ್ಲಿ ಘಟಕ ವಿಸ್ತೀರ್ಣ ಮೌಲ್ಯದ ಪದ್ಧತಿ ಬಂದಾಗಿನಿಂದ ಮಾಲೀಕರು ತಮ್ಮ ಕಟ್ಟಡದ ವಯಸ್ಸನ್ನು ತಾವೇ ಘೋಷಿಸುತ್ತ ಬಂದಿದ್ದಾರೆ, ಏಕೆಂದರೆ ವಯಸ್ಸಾದಷ್ಟೂ ಸವಕಳಿ ಹೆಚ್ಚು, ತೆರಿಗೆ ಕಡಿಮೆ. ಅರವತ್ತು ದಾಟಿದ ಕಟ್ಟಡಕ್ಕೆ 70 ಶೇಕಡಾ ಸವಕಳಿ, ಅಲ್ಲಿಗೆ ಕೋಷ್ಟಕ ಮುಗಿಯಿತು. ತೆರಿಗೆಯ ಕಣ್ಣಿಗೆ ಅರವತ್ತೊಂದು ವರ್ಷದ ಮನೆಯೂ ಒಂದೇ, ಅದರ ಮೂರು ಪಟ್ಟು ಹಳೆಯ ಮನೆಯೂ ಒಂದೇ. ಇರಲಿ. ಅರವತ್ತು ದಾಟಿದವು ಯಾವುವು ಎಂಬುದಾದರೂ ನಿಮ್ಮ ಕಂಪ್ಯೂಟರಿನಲ್ಲಿ ವಾರ್ಡುವಾರು, ರಸ್ತೆವಾರು ಇದೆ. ಮಾಲೀಕರ ಹೆಸರು ತೆಗೆದು, ರಸ್ತೆ ಮತ್ತು ಘೋಷಿಸಿದ ವಯಸ್ಸು ಇಷ್ಟನ್ನೇ ಪ್ರಕಟಿಸಿದರೂ ಹುಡುಕಾಟದ ಮುಕ್ಕಾಲು ಭಾಗ ಬೀದಿಗಳನ್ನು ಬಿಟ್ಟುಬಿಡಬಹುದು. ಘೋಷಣೆಯಲ್ಲಿ ಅಂದಾಜು, ಅತಿಶಯ ಎರಡೂ ಇರುತ್ತದೆ, ಒಪ್ಪಿದೆ. ಅದು ಹುಡುಕಾಟದ ಆರಂಭವಷ್ಟೆ.

ಎರಡನೆಯದು ಹಳೆಯ ನಂಬರು, ಹೊಸ ನಂಬರುಗಳ ಜೋಡಣೆ. ಪೇಟೆಯ ಯಾವುದೇ ಕ್ರಯಪತ್ರ ತೆಗೆಯಿರಿ: ‘ಹಳೇ ನಂಬರ್ ಇಷ್ಟು, ನಂತರದ ನಂಬರ್ ಇಷ್ಟು, ಹಾಲಿ ನಂಬರ್ ಇಷ್ಟರ ಒಂದು’ ಎಂದು ಒಂದು ಸಾಲು ಇದ್ದೇ ಇರುತ್ತದೆ. ಪಾಲಿಕೆ ಕಾಲಕಾಲಕ್ಕೆ ಮನೆಗಳಿಗೆ ಮರುಸಂಖ್ಯೆ ಕೊಟ್ಟಿದೆ, ಬೀದಿಗಳ ಹೆಸರನ್ನೂ ಬದಲಿಸಿದೆ. ದೊಡ್ಡಪೇಟೆ ಅವೆನ್ಯೂ ರಸ್ತೆಯಾಯಿತು, ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆಯಾಯಿತು, ಸಿದ್ದಿಕಟ್ಟೆಯ ಜಾಗದಲ್ಲಿ 1921ರಲ್ಲಿ ಕೃಷ್ಣರಾಜ ಮಾರುಕಟ್ಟೆ ಎದ್ದಿತು. ಈ ಹೆಸರುಗಳ ಕೊಂಡಿ ಕಳಚಿದರೆ 1900ರ ಪತ್ರದಲ್ಲಿರುವ ಮನೆಯೂ ಇವತ್ತು ಕಣ್ಣೆದುರಿಗಿರುವ ಮನೆಯೂ ಒಂದೇ ಎಂದು ತೋರಿಸಲು ಯಾವ ದಾರಿಯೂ ಇಲ್ಲ. ಆ ಕೊಂಡಿ ಉಳಿದಿರುವುದು ಕಟ್ಟಬೇಕಾದ ಕಂದಾಯ ಬರೆಯುವ ಹಳೆಯ ಡಿಮ್ಯಾಂಡ್ ರಿಜಿಸ್ಟರಿನ ಷರಾ ಕಾಲಂನಲ್ಲಿ, ಯಾವುದೋ ಗುಮಾಸ್ತ ಕೆಂಪು ಶಾಯಿಯಲ್ಲಿ ಬರೆದಿಟ್ಟ ಅರ್ಧ ಸಾಲಿನಲ್ಲಿ. ಅಂಥ ಒಂದು ರಿಜಿಸ್ಟರಿಗಾಗಿ ನಾನು ಒಂದು ಕಚೇರಿಗೆ ಅಲೆದಾಗ, ‘ಶಿಫ್ಟಿಂಗ್ ಆದಾಗ ಎಲ್ಲೋ ಸೇರಿಕೊಂಡಿದೆ ಸಾರ್’ ಎಂಬ ಉತ್ತರ ಸಿಕ್ಕಿತು. ಹಾಗೆಂದ ನೌಕರ ನಿಜವಾಗಿಯೂ ಹುಡುಕಿದ್ದ. ಅವನದೇನೂ ತಪ್ಪಿಲ್ಲ.

ಮೂರನೆಯದು ನಿಮ್ಮದಲ್ಲ, ನೋಂದಣಿ ಇಲಾಖೆಯದು. ಆದರೂ ಎಲ್ಲಕ್ಕಿಂತ ಸೊಗಸಾದದ್ದು. ಪತ್ರದ ಕೊನೆಗೆ ಬರುವ ಷೆಡ್ಯೂಲು, ಅಂದರೆ ಸ್ವತ್ತಿನ ವಿವರ, ಮತ್ತು ಅದರ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ. ಹಳೆಯ ಬರಹಗಾರರು ಮನೆಯನ್ನು ಚದರಡಿಯಲ್ಲಿ ಅಳೆಯುತ್ತಿರಲಿಲ್ಲ, ಇಷ್ಟು ಅಂಕಣದ (ಕಂಬದಿಂದ ಕಂಬದ ನಡುವಿನ ಜಾಗ) ಮನೆ ಎನ್ನುತ್ತಿದ್ದರು. ನಾಡಹೆಂಚಿನದೋ, ಮಂಗಳೂರು ಹೆಂಚಿನದೋ, ಗಾರೆ ತಾರಸಿಯದೋ ಎಂದು ಬರೆಯುತ್ತಿದ್ದರು. ಹಿತ್ತಿಲು, ಬಾವಿ, ಬಚ್ಚಲು, ತೆಂಗಿನ ಮರ ಕೂಡ ಸೇರುತ್ತಿತ್ತು. ಒಂದೇ ಸ್ವತ್ತಿನ ನಾಲ್ಕಾರು ಪತ್ರಗಳನ್ನು ಕಾಲಾನುಕ್ರಮದಲ್ಲಿ ಇಟ್ಟುಕೊಂಡರೆ ನಾಡಹೆಂಚು ಯಾವಾಗ ಹೋಯಿತು, ಮಹಡಿ ಯಾವಾಗ ಬಂತು, ಯಾವ ಅಣ್ಣತಮ್ಮಂದಿರ ಪಾಲಿನಲ್ಲಿ ಹಜಾರದ ನಡುವೆ ಗೋಡೆ ಎದ್ದಿತು ಎಂದು ತಿಳಿಯುತ್ತದೆ. ‘ಖಾಲಿ ನಿವೇಶನ’ ಎಂದು ಒಂದು ಪತ್ರದಲ್ಲೂ ‘ಅದರಲ್ಲಿ ಕಟ್ಟಿರುವ ಮನೆ’ ಎಂದು ಮುಂದಿನದರಲ್ಲೂ ಇದ್ದರೆ ಮನೆ ಹುಟ್ಟಿದ್ದು ಈ ಎರಡರ ನಡುವೆ. ಒಂದು ಮನೆಯ ಪತ್ರ ಕಳೆದುಹೋಗಿದ್ದರೂ ಚಿಂತೆಯಿಲ್ಲ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಗಲ್ಲಿ ಎಂದು ಪಕ್ಕದವರ ಚಕ್ಕುಬಂದಿಯಲ್ಲಿ ಅದು ಸಾಕ್ಷಿ ನುಡಿಯುತ್ತದೆ. ಕೋರ್ಟಿನಲ್ಲಿ ಗಡಿ ಜಗಳಕ್ಕೆ ನಾವು ಇದನ್ನು ದಿನಾ ಬಳಸುತ್ತೇವೆ. ಮನೆಯ ವಯಸ್ಸಿಗೆ ಬಳಸಿದವರು ಕಡಿಮೆ.

ಕಾಗದ ಹೇಳಿದ್ದನ್ನು ಗೋಡೆಯೂ ಹೇಳಬೇಕು. ಇಲ್ಲಿ ಎಂಜಿನಿಯರರ, ಅದಕ್ಕಿಂತ ಹೆಚ್ಚಾಗಿ ಹಳೇ ಗಾರೆ ಕೆಲಸದವರ ಕಣ್ಣು ಬೇಕು. ಮಣ್ಣಿನ ಗೋಡೆಯೋ, ಸುಣ್ಣದ ಗಾರೆಯ ಇಟ್ಟಿಗೆಯೋ. ಮರದ ಜಂತೆಯ ಮೇಲೆ ಸಣ್ಣ ಇಟ್ಟಿಗೆಯನ್ನು ನಿಲ್ಲಿಸಿ ಕಟ್ಟಿದ ಮದ್ರಾಸ್ ತಾರಸಿಯೋ, ಕಾಂಕ್ರೀಟಿನದೋ. ಹೆಂಚನ್ನು ತಿರುವಿ ನೋಡಿದರೆ ಅದರ ಬೆನ್ನ ಮೇಲೆ ಕಾರ್ಖಾನೆಯ ಹೆಸರೇ ಇರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಅವರ ಆಸ್ತಿಯನ್ನು ವಶಪಡಿಸಿಕೊಂಡ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಅಂದರೆ ಮುದ್ರೆ ನೋಡಿಯೇ ಹೆಂಚು ಯುದ್ಧಕ್ಕೆ ಹಿಂದಿನದೋ ಮುಂದಿನದೋ ಹೇಳಬಹುದು. ಹೆಂಚಿನ ವಯಸ್ಸು ಮನೆಯ ವಯಸ್ಸಲ್ಲ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಬಿದ್ದ ಮನೆಯ ಹೆಂಚು, ತೊಲೆ, ಕಂಬ, ಬಾಗಿಲವಾಡಗಳನ್ನು ತಂದು ಹೊಸದಕ್ಕೆ ಹಾಕುವುದು ನಮ್ಮಲ್ಲಿ ಎಂದಿನಿಂದಲೂ ಇದೆ.

ಮುಂಭಾಗದ ತ್ರಿಕೋನದ ಮೇಲೆ ಗಾರೆಯಲ್ಲಿ ಬರೆದ ಇಸವಿಯನ್ನೂ ಹಾಗೆಯೇ ಎಚ್ಚರದಿಂದ ಓದಬೇಕು. ‘ನಿಲಯ’, ‘ಸದನ’, ‘ಪ್ರಸಾದ’ಗಳ ಕೆಳಗೆ 1928, 1934 ಎಂದು ಕಾಣುವುದು ಕೆಲವೊಮ್ಮೆ ಮನೆ ಕಟ್ಟಿದ ವರ್ಷ, ಕೆಲವೊಮ್ಮೆ ಮುಂದಿನ ಭಾಗವನ್ನು ಮಾತ್ರ ಹೊಸದಾಗಿ ಮಾಡಿಸಿದ ವರ್ಷ. ಪೇಟೆಯಲ್ಲಂತೂ ಇದರ ತಿರುವುಮುರುವು. ಚಿಕ್ಕಪೇಟೆ, ಅರಳೇಪೇಟೆ, ಕಾಟನ್‌ಪೇಟೆಗಳಲ್ಲಿ ಎದುರಿಗೆ ರೋಲಿಂಗ್ ಷಟರು, ಅಲ್ಯುಮಿನಿಯಂ ಫಲಕ, ಗಾಜು. ಗೋದಾಮಿನ ಒಳಗೆ ಹೊಕ್ಕು ಸೀರೆಯ ಗಂಟುಗಳನ್ನು ಸರಿಸಿದರೆ ತೊಲೆ ಹೊರುವ ಬೋದಿಗೆಯ ಮರದ ಕಂಬ, ಮುಚ್ಚಿಹಾಕಿದ ಒಳ ಅಂಗಳದ ತೊಟ್ಟಿ. ಊರಿನ ಅತಿ ಹಳೆಯ ವಾಸದ ಮನೆ ಯಾವುದೋ ಅಂಗಡಿಯ ಬೆನ್ನಿನಲ್ಲಿ ಅಡಗಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಬೀದಿಯಲ್ಲಿ ನಿಂತು ಫೋಟೋ ಹೊಡೆಯುವ ಸಮೀಕ್ಷೆಗೆ ಅದು ಎಂದೂ ಸಿಗದು. ನಿಮ್ಮ ಕಂದಾಯ ನಿರೀಕ್ಷಕನಿಗೆ ಒಳಗೆ ಹೋಗುವ ಅಧಿಕಾರವಿದೆ, ಪರಿಚಯವೂ ಇದೆ.

ಇನ್ನೊಂದು ವಿಷಯಕ್ಕೆ ಕೊಂಚ ಹೆಚ್ಚು ಜಾಗ ತೆಗೆದುಕೊಳ್ಳುತ್ತೇನೆ, ಏಕೆಂದರೆ ಹಳೆಯ ಮನೆ ಎಂದ ಕೂಡಲೇ ಎಲ್ಲರೂ ಮಲ್ಲೇಶ್ವರ, ಬಸವನಗುಡಿಗಳ ಕಡೆಗೇ ಓಡುತ್ತಾರೆ. 1898ರ ಪ್ಲೇಗಿಗೆ ಬೆದರಿ ಜನ ಪೇಟೆ ಬಿಟ್ಟಾಗ ತುಂಬಿಕೊಂಡ ಬಡಾವಣೆಗಳು ಅವು. ಅಗಲ ರಸ್ತೆ, ಹಿಂದೊಂದು ಕಸ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಮುಂದೆ ಮಂಕಿ ಟಾಪಿನ (ಚೂಪು ತಲೆಯ ಮರದ ಮರೆ) ವರಾಂಡ. ಚೆಂದ ನಿಜ. ನಮ್ಮ ಚಾಮರಾಜಪೇಟೆ ಅವಕ್ಕಿಂತ ಸ್ವಲ್ಪ ಹಿರಿಯದು, 1892ರದ್ದು, ಎಂದು ನಾವು ಬೀಗುತ್ತೇವೆ. ಆದರೆ ಬಡಾವಣೆಯ ವಯಸ್ಸು ಬೇರೆ, ಅದರೊಳಗಿನ ಹಳೆಯ ಮನೆಯ ವಯಸ್ಸು ಬೇರೆ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಜಯನಗರದ ಹಳೆಯ ಮನೆ ಹುಡುಕುವವರು ಬ್ಲಾಕುಗಳಲ್ಲಿ ಅಲೆದರೆ ಐವತ್ತರ ದಶಕದ ಆಚೆಗೆ ಹೋಗುವುದು ಕಷ್ಟ. ಯಡಿಯೂರು, ಬೈರಸಂದ್ರ, ಸಿದ್ದಾಪುರದ ಹಳೇ ಊರಿನ ಓಣಿಗೆ ತಿರುಗಿದರೆ ಲೆಕ್ಕವೇ ಬೇರೆ. ದೊಮ್ಮಲೂರು, ಅಗರ, ಕೋರಮಂಗಲ, ಬೇಗೂರು ಎಲ್ಲಕ್ಕೂ ಇದೇ ಮಾತು. ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗುಳೂರ’ ಕಾಳಗದ ಮಾತು ಬರುತ್ತದೆ, ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ಶಾಸನಗಳಿವೆ. ಅಷ್ಟು ಹಳೆಯ ಊರುಗಳಲ್ಲಿ ಎರಡು ಮೂರು ತಲೆಮಾರು ಕಂಡ ಕಲ್ಲುಚಪ್ಪಡಿಯ ಮಾಡಿನ ಮನೆ, ಜಗಲಿಯ ಮನೆ ಪಿ.ಜಿ. ಕಟ್ಟಡಗಳ ನಡುವೆ ಇನ್ನೂ ಉಳಿದಿರಬಹುದು. ಅವುಗಳ ದಾಖಲೆ ಇರುವುದು ಪಂಚಾಯಿತಿಯ ಖಾನೇಷುಮಾರಿ (ಮನೆಗಳ ಎಣಿಕೆಯ) ಪುಸ್ತಕಗಳಲ್ಲಿ. ತಡವಾಗಿ ನಗರಕ್ಕೆ ಸೇರಿದ ಹಳ್ಳಿಗಳದಾದರೆ, 2007ರಲ್ಲಿ ಗಂಟು ಕಟ್ಟಿಕೊಂಡು ಬಂದ ಆ ಪುಸ್ತಕಗಳಲ್ಲೇ. ವೈಟ್‌ಫೀಲ್ಡಿನದು ಇನ್ನೊಂದು ಬಗೆ: 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಹುಟ್ಟಿದ ವಸತಿ, ಅಲ್ಲಿನ ಇನ್ನರ್ ಸರ್ಕಲ್ಲಿನ ಸುತ್ತ ಅದರ ಗುರುತು. ಐ.ಟಿ. ಪಾರ್ಕಿಗೆ ಹೋಗುವವರಿಗೆ ಅದು ಟ್ರಾಫಿಕ್ ಜಾಮಿನ ಹೆಸರು ಮಾತ್ರ.

ಈಗ ಮಾಲೀಕರ ವಿಷಯ. ಈ ಪತ್ರವನ್ನು ಅವರೂ ಓದುತ್ತಿರಬಹುದು, ಓದಲಿ. ‘ಪಾರಂಪರಿಕ’ ಎಂಬ ಪದ ಕಿವಿಗೆ ಬಿದ್ದರೆ ನನ್ನ ಕಕ್ಷಿದಾರರ ಮುಖ ಬಿಳಿಚಿಕೊಳ್ಳುತ್ತದೆ. ಮಾರುವಂತಿಲ್ಲ, ಸೋರುವ ಮಾಡಿಗೆ ಶೀಟು ಹಾಕುವಂತಿಲ್ಲ, ಏಳು ಜನ ಹಕ್ಕುದಾರರು ಪಾಲು ಮಾಡಿಕೊಳ್ಳುವಂತಿಲ್ಲ ಎಂಬ ಭಯ. ಭಯಕ್ಕೆ ಕಾರಣವಿಲ್ಲದಿಲ್ಲ. ಪಟ್ಟಿಗೆ ಹೆಸರು ಸೇರುತ್ತದೆಂಬ ಸುದ್ದಿ ಹಬ್ಬಿದರೆ ಜೆಸಿಬಿ ಬರುವುದು ಬೇಗವಾಗುತ್ತದೆ, ತಡವಾಗುವುದಿಲ್ಲ. ಆದ್ದರಿಂದ ನಾನು ಕೇಳುತ್ತಿರುವ ಪಟ್ಟಿ ನಿರ್ಬಂಧದ ಪಟ್ಟಿಯಲ್ಲ. ಕೆಡವಬೇಡಿ ಎನ್ನುವ ಹಕ್ಕು ನನಗಿಲ್ಲ. ಎಂಬತ್ತು ವರ್ಷದ ವಿಧವೆಯೊಬ್ಬರು ಆ ನಿವೇಶನದ ಹಣದಿಂದಲೇ ಔಷಧಿ ಖರ್ಚು ನೋಡಿಕೊಳ್ಳಬೇಕಾಗಿದ್ದರೆ ಅವರಿಗೆ ಇತಿಹಾಸದ ಪಾಠ ಹೇಳುವವನು ಮೊದಲು ಆ ಖರ್ಚು ಕೊಡಲಿ. ಉಳಿಸುವ ಮನಸ್ಸಿದ್ದವರಿಗೆ ಅಭಿವೃದ್ಧಿ ಹಕ್ಕು ವರ್ಗಾವಣೆಯೋ (ಇಲ್ಲಿ ಕಟ್ಟದೆ ಬಿಟ್ಟ ಹಕ್ಕನ್ನು ಬೇರೆಡೆಗೆ ಮಾರುವ ಅವಕಾಶ), ದುರಸ್ತಿಗೆ ಸುಲಭ ಸಾಲವೋ, ಅದು ಸರ್ಕಾರದ ಮಟ್ಟದ ಬೇರೆ ಚರ್ಚೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಒಡೆಯಲು ಶುರು ಮಾಡಿದ ಮೇಲೆ ತಡೆದು, ದುರಸ್ತಿ ಮಾಡಿ, ಮ್ಯೂಸಿಯಂ ಮಾಡಿದರು. ಅದು ಹೆಸರಾಂತರ ಮನೆ, ಸುದ್ದಿಯಾಯಿತು. ಇನ್ನು ಸರ್ಕಾರಿ ಜಾಗದಲ್ಲಿದ್ದರೆ ಸುರಕ್ಷಿತ ಎಂದೂ ಅಲ್ಲ. ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ 2017ರಲ್ಲಿ ನೆಲಸಮವಾದದ್ದನ್ನು ಕಂಡಿದ್ದೇವೆ.

ನನ್ನ ಕೋರಿಕೆ ಇಷ್ಟೇ. ಐದೂ ಪಾಲಿಕೆಗಳ ರೆಕಾರ್ಡ್ ರೂಮುಗಳಲ್ಲಿ 1949ಕ್ಕಿಂತ ಹಿಂದಿನ ಅಸೆಸ್‌ಮೆಂಟ್ ಮತ್ತು ಡಿಮ್ಯಾಂಡ್ ರಿಜಿಸ್ಟರುಗಳು, ಹಳ್ಳಿಗಳ ಖಾನೇಷುಮಾರಿ ಪುಸ್ತಕಗಳು ಯಾವುವು ಉಳಿದಿವೆ ಎಂದು ಮೊದಲು ಒಂದು ಯಾದಿ ಮಾಡಿಸಿ. ಯಾದಿ ಮುಗಿಯುವ ತನಕ ಒಂದೇ ಒಂದು ಹಳೆಯ ಪುಸ್ತಕವೂ ವಿಲೇವಾರಿಗೆ ಹೋಗಕೂಡದು ಎಂದು ಲಿಖಿತ ಆದೇಶ ಹೊರಡಿಸಿ. ಸ್ಕ್ಯಾನ್ ಮಾಡಿದ ಮೇಲೆ ಮೂಲವನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿ. ಪುಡಿಯಾಗುವ ಕಾಗದವನ್ನು ಕಾಯುವ ವಿದ್ಯೆ ಅಲ್ಲಿನವರಿಗೆ ಗೊತ್ತು. ಇ-ಖಾತೆಗಾಗಿ ಮಾಲೀಕರು ಹಳೆಯ ಪತ್ರಗಳನ್ನು ತಾವಾಗಿಯೇ ತಂದು ಕೊಡುತ್ತಿರುವ ಕಾಲವಿದು. ಆ ಅರ್ಜಿಯಲ್ಲೇ ‘ನಿಮ್ಮಲ್ಲಿರುವ ಅತಿ ಹಳೆಯ ಪತ್ರದ ಇಸವಿ’ ಎಂಬ ಒಂದು ಕಾಲಂ ಸೇರಿಸಿದರೆ ಸಾಕು, ಬೇರೆ ಸಮೀಕ್ಷೆಯ ಖರ್ಚಿಲ್ಲ.

ಕೆಡವುವ ಮುನ್ನ ಒಂದು ದಿನ ಕೊಡಿಸಿ, ಇದು ಮುಖ್ಯ. ಹಳೆಯ ಕಟ್ಟಡದ ಜಾಗದಲ್ಲಿ ಹೊಸದಕ್ಕೆ ನಕ್ಷೆ ಮಂಜೂರಾತಿ ಕೇಳಿದವರು, ಕಟ್ಟಡಕ್ಕೆ ಅರವತ್ತು ವರ್ಷ ಮೀರಿದೆಯೆಂದು ತೆರಿಗೆಯಲ್ಲಿ ತಾವೇ ಘೋಷಿಸಿದ್ದರೆ, ಒಂದು ದಿನದ ಮಟ್ಟಿಗೆ ಅಳತೆ ಮತ್ತು ಛಾಯಾಚಿತ್ರಕ್ಕೆ ಅವಕಾಶ ಕೊಡಬೇಕು ಎಂಬ ಷರತ್ತು. ಮಂಜೂರಾತಿ ಅದಕ್ಕಾಗಿ ಒಂದು ವಾರವೂ ನಿಲ್ಲಬಾರದು. ಊರಿನ ವಾಸ್ತುಶಿಲ್ಪ ಕಾಲೇಜುಗಳ ಹುಡುಗರು ಟೇಪು ಹಿಡಿದು ಬರಲು ಸಿದ್ಧರಿರುತ್ತಾರೆ. ಗೋಡೆ ಒಡೆದ ದಿನ ಒಳಗಿನ ಪದರ ಕಾಣುತ್ತದೆ: ಮಣ್ಣು, ಮೇಲೆ ಸುಣ್ಣ, ಮೇಲೆ ಸಿಮೆಂಟು. ಮನೆಯ ವಯಸ್ಸು ತಿಳಿಯಲು ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ. ಸದ್ಯಕ್ಕೆ ಅದನ್ನು ನೋಡುವವರು ಹಳೇ ತೇಗದ ವ್ಯಾಪಾರಿಗಳು ಮಾತ್ರ.

ಕಾಲವೂ ಸುಮ್ಮನಿಲ್ಲ. 1920ರ ದಶಕದಲ್ಲಿ ಎದ್ದ ಬಸವನಗುಡಿ, ಶಂಕರಪುರ, ಫ್ರೇಜರ್ ಟೌನಿನ ಮನೆಗಳಿಗೆ ಈಗ ನೂರು ತುಂಬುತ್ತಿದೆ. ನೂರು ತುಂಬುವ ವರ್ಷವೇ ಅವುಗಳನ್ನು ಕಟ್ಟಿಸಿದವರ ಮೊಮ್ಮಕ್ಕಳು ಪಾಲಿಗೆ ಕೂರುವ ವರ್ಷವೂ ಆಗಿರುತ್ತದೆ. ನನ್ನ ಮೇಜಿನ ಮೇಲೆ ಈ ತಿಂಗಳೂ ಅಂಥ ಕಡತಗಳಿವೆ.

ಐದೂ ಪಾಲಿಕೆಗಳಲ್ಲಿ ಒಮ್ಮೆಗೇ ಆಗದಿದ್ದರೆ ಒಂದೇ ವಾರ್ಡಿನಿಂದ ಶುರು ಮಾಡಿ. ಚಿಕ್ಕಪೇಟೆಯದಾದರೆ ಉತ್ತಮ, ಕಾಗದವೂ ಹೆಚ್ಚು, ತೊಡಕೂ ಹೆಚ್ಚು. ಹಳೆಯ ಕೈಬರಹದ ಮೋಡಿ ಅಕ್ಷರ (ಕೂಡಿಸಿ ಬರೆಯುವ ಲಿಪಿ), ಸಂಸ್ಥಾನದ ಕಾಲದ ಕಂದಾಯ ಪರಿಭಾಷೆ ಓದಲು ಜನ ಬೇಕಾದರೆ ನನ್ನಂಥ ನಾಲ್ಕಾರು ವಕೀಲರು, ನಿವೃತ್ತ ಪತ್ರ ಬರಹಗಾರರು ಶನಿವಾರಗಳಂದು ಬಂದು ಕೂರುತ್ತೇವೆ. ಫೀಸು ಬೇಡ, ಒಂದು ಮೇಜು, ಒಳ್ಳೆಯ ಬೆಳಕು ಸಾಕು. ಪುಸ್ತಕಗಳು ಯಾವ ಕಟ್ಟಡದ ಯಾವ ಮಹಡಿಯಲ್ಲಿವೆ ಎಂದು ಮೊದಲು ತಿಳಿಸಿ.

ಇಂತಿ,
ಚಾಮರಾಜಪೇಟೆಯ ಒಬ್ಬ ವಕೀಲ